ಏಳನೆಯ ದಿನ ಯಾರದು?

ಹತ್ತು ಆಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ. ವಿಮೋಚನಕಾಂಡದಲ್ಲಿ ಒಮ್ಮೆ, ಧರ್ಮೋಪದೇಶಕಾಂಡದಲ್ಲಿ ಮತ್ತೊಮ್ಮೆ. ಕೊಲ್ಲಬಾರದು, ಕದಿಯಬಾರದು ಎಂಬಂಥವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಏಳನೆಯ ದಿನ ಕೆಲಸ ನಿಲ್ಲಿಸಬೇಕೆಂಬ ಸಬ್ಬತ್ತಿನ ಆಜ್ಞೆಗೆ ಮಾತ್ರ ಒಂದೊಂದು ಕಡೆ ಒಂದೊಂದು ಕಾರಣ. ಮೊದಲ ಕಡೆ, ದೇವರು ಆರು ದಿನ ಸೃಷ್ಟಿಯ ಕೆಲಸ ಮಾಡಿ ಏಳನೆಯ ದಿನ ವಿಶ್ರಮಿಸಿದ, ಅದಕ್ಕೇ ನೀನೂ ನಿಲ್ಲಿಸು. ಎರಡನೆಯ ಕಡೆ ಸೃಷ್ಟಿಯ ಮಾತೇ ಇಲ್ಲ. ನೀನು ಐಗುಪ್ತದಲ್ಲಿ ದಾಸನಾಗಿ ದುಡಿದವನು, ಅದು ನೆನಪಿರಲಿ, ಅದಕ್ಕೇ ನಿಲ್ಲಿಸು. ಆಳು, ಮನೆಗೆಲಸದವಳು, ದನ, ಊರಿಗೆ ಬಂದ ಪರದೇಶಿ ಇವರ ಪಟ್ಟಿ ಎರಡೂ ಕಡೆ ಉಂಟು. ಆಳುಗಳೂ ನಿನ್ನ ಹಾಗೆಯೇ ದಣಿವಾರಿಸಿಕೊಳ್ಳಲಿ ಎಂಬ ಮಾತು ಎರಡನೆಯದರಲ್ಲಿ ಮಾತ್ರ ಇದೆ.

ವ್ಯಾಖ್ಯಾನಕಾರರು ಹೆಚ್ಚಾಗಿ ಒಲಿದದ್ದು ಮೊದಲನೆಯ ಕಾರಣಕ್ಕೆ. ಅದರಲ್ಲಿ ಭೂಮ್ಯಾಕಾಶಗಳ ವೈಭವವಿದೆ, ಧ್ಯಾನಕ್ಕೆ ಒದಗುತ್ತದೆ. ಎರಡನೆಯದು ಯಜಮಾನನ ಮನೆಯೊಳಗೇ ಬಂದು ಲೆಕ್ಕ ಕೇಳುತ್ತದೆ. ದಣಿದವನಿಗಿಂತ ದಣಿಸುವವನ ಕಡೆಗೆ ತಿರುಗಿ ಆಡಿದ ಮಾತು ಅದು. ಕೆಲಸ, ಸೇವೆ, ವಿಶ್ರಾಂತಿ ಈ ಮೂರರ ಬಗ್ಗೆಯೂ ಕ್ರೈಸ್ತ ಲೋಕ ಎರಡು ಸಾವಿರ ವರ್ಷಗಳಿಂದ ಬಹಳ ಬರೆದಿದೆ. ದುಡಿಮೆಗೆ ಮರ್ಯಾದೆ ತಂದುಕೊಟ್ಟದ್ದು, ಸೇವೆಯನ್ನು ಸಂಸ್ಥೆಗಳಾಗಿ ಕಟ್ಟಿ ನಿಲ್ಲಿಸಿದ್ದು ಅದರ ನಿಜವಾದ ಸಾಧನೆ. ಮೂರನೆಯದರಲ್ಲಿ ಅದು ಮತ್ತೆ ಮತ್ತೆ ಎಡವಿದೆ, ಅದೂ ಒಂದೇ ಜಾಗದಲ್ಲಿ: ನಾನು ಬಿಡುವಾಗಿರುವ ಹೊತ್ತಿನಲ್ಲಿ ನನಗಾಗಿ ದುಡಿಯುತ್ತಿರುವವರು ಯಾರು?

ದುಡಿಮೆಯಿಂದಲೇ ಶುರುಮಾಡಬಹುದು. ಬೈಬಲನ್ನು ಅರೆಬರೆ ಬಲ್ಲವರು ಕೆಲಸವೆಂದರೆ ಆದಾಮನ ಪಾಪಕ್ಕೆ ಬಂದ ಶಿಕ್ಷೆ ಎಂದುಕೊಂಡಿರುತ್ತಾರೆ. ಆದಿಕಾಂಡದ ಕ್ರಮ ಹಾಗಿಲ್ಲ. ಏದೆನ್ ತೋಟವನ್ನು ಸಾಗುವಳಿ ಮಾಡಲು, ಕಾಯಲು ಮನುಷ್ಯನನ್ನು ಅಲ್ಲಿ ಇರಿಸಿದ್ದು ಎರಡನೆಯ ಅಧ್ಯಾಯದಲ್ಲಿ. ಹಣ್ಣು ತಿಂದದ್ದು ಮೂರನೆಯದರಲ್ಲಿ. ಶಾಪವಾಗಿ ಬಂದದ್ದು ಬೆವರು, ಮುಳ್ಳು, ಕಳೆ. ಇದನ್ನು ಮೆಸೊಪೊಟೇಮಿಯದ ಅತ್ರಹಾಸಿಸ್ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕಾಲುವೆ ತೋಡಿ ತೋಡಿ ಬೇಸತ್ತ ಕಿರಿಯ ದೇವತೆಗಳು ಮುಷ್ಕರ ಹೂಡುತ್ತಾರೆ, ಅವರ ಕೂಲಿಗೆ ಬದಲಿಯಾಗಿ ಮನುಷ್ಯರನ್ನು ಸೃಷ್ಟಿಸಲಾಗುತ್ತದೆ. ಆದಿಕಾಂಡದ ದೇವರು ತಾನೇ ಮಣ್ಣು ಕಲಸುತ್ತಾನೆ, ತಾನೇ ತೋಟ ಹಾಕುತ್ತಾನೆ.

ಗ್ರೀಕ್ ಮತ್ತು ರೋಮನ್ ಗಣ್ಯರಿಗೆ ಕೈಕೆಲಸ ಅಂದರೆ ಅಸಡ್ಡೆ. ಉತ್ತಮ ನಗರದಲ್ಲಿ ಕುಶಲಕರ್ಮಿಗಳಿಗೆ ನಾಗರಿಕನ ಸ್ಥಾನ ಸಲ್ಲದು ಎಂದು ಅರಿಸ್ಟಾಟಲ್ ವಾದಿಸಿದ. ಕೂಲಿ ಪಡೆಯುವುದೇ ದಾಸ್ಯದ ಗುರುತು ಎಂಬ ಧಾಟಿಯಲ್ಲಿ ಸಿಸೆರೊ ಬರೆದ. ಅಂಥ ಲೋಕದಲ್ಲಿ ಬಡಗಿಯೊಬ್ಬನನ್ನು ಕರ್ತನೆಂದು ಕರೆಯುವ ಗುಂಪೊಂದು ಹುಟ್ಟಿತು. ಅದರ ದೊಡ್ಡ ಪ್ರಚಾರಕ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯ ಜೊತೆ ಗುಡಾರ ಮಾಡುವ ಕಸುಬಿನಲ್ಲಿದ್ದ. ಯಾರ ಮೇಲೂ ಭಾರ ಹಾಕಲಿಲ್ಲವೆಂದು ಅಭಿಮಾನದಿಂದ ಹೇಳಿಕೊಂಡ. ಕೆಲಸ ಮಾಡಲೊಲ್ಲದವನಿಗೆ ಊಟವೂ ಬೇಡ ಎಂದು ಥೆಸಲೋನಿಕದವರಿಗೆ ಬರೆದವನೂ ಅವನೇ. ಆ ಮಾತಿನ ಮುಂದಿನ ಪಯಣ ವಿಚಿತ್ರ: 1936ರ ಸೋವಿಯತ್ ಸಂವಿಧಾನದ 12ನೆಯ ವಿಧಿಯೊಳಗೆ ಅದು ಹೋಗಿ ಕುಳಿತಿತು. ಕೆಲಸ ಸಿಗದವರನ್ನು ಹೀಯಾಳಿಸಲು ಇವತ್ತಿಗೂ ಅದನ್ನೇ ಬಳಸುತ್ತಾರೆ. ಪೌಲ ಬೈದದ್ದು ಮನಸ್ಸಿಲ್ಲದವರನ್ನು.

ಕೆಲಸ ಏತಕ್ಕೆ ಎಂಬ ಪ್ರಶ್ನೆಯನ್ನು ತುದಿ ಮುಟ್ಟುವವರೆಗೆ ಒಯ್ದವರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು. ಖರ್ಜೂರದ ಗರಿಯಿಂದ ಬುಟ್ಟಿ ಹೆಣೆದು, ಮಾರಿ, ಬಂದದ್ದರಲ್ಲಿ ಉಂಡು ಉಳಿದದ್ದನ್ನು ಬಡವರಿಗೆ ಕೊಡುವುದು ಅವರ ಪದ್ಧತಿ. ಪೌಲ ಎಂಬ ಹೆಸರಿನ ಒಬ್ಬ ತಪಸ್ವಿಯ ಸಂಗತಿಯನ್ನು ಜಾನ್ ಕಾಸಿಯನ್ ಬರೆದಿಟ್ಟಿದ್ದಾನೆ. ಆತನ ಗುಹೆ ಊರುಗಳಿಂದ ಏಳು ದಿನದ ದಾರಿ. ಬುಟ್ಟಿಯನ್ನು ಮಾರುಕಟ್ಟೆಗೆ ಒಯ್ದರೆ ಸಾಗಣೆಯ ಖರ್ಚೂ ಹುಟ್ಟದು. ಊಟಕ್ಕೆ ತೋಟವಿತ್ತು. ಆದರೂ ವರ್ಷವಿಡೀ ಗರಿ ಕೂಡಿಸಿ ನೇಮದಂತೆ ದುಡಿಯುತ್ತಿದ್ದ; ಗುಹೆ ತುಂಬಿದ ಮೇಲೆ ಎಲ್ಲಕ್ಕೂ ಬೆಂಕಿ ಹಚ್ಚಿ ಮೊದಲಿನಿಂದ ಶುರುಮಾಡುತ್ತಿದ್ದ. ಕಾಸಿಯನ್ ಇದನ್ನು ಮೆಚ್ಚಿ ಹೇಳುತ್ತಾನೆ. ನನಗೆ ಈ ಕಥೆ ಪೂರ್ತಿ ಒಪ್ಪಿತವಾಗಿಲ್ಲ. ಕೆಲಸ ಮನಸ್ಸನ್ನು ಹದಮಾಡುತ್ತದೆ ಎಂಬುದು ಸರಿಯೇ. ಆದರೆ ಕೆಲಸದಿಂದ ಇನ್ನೊಬ್ಬನನ್ನು ತೆಗೆದುಬಿಟ್ಟರೆ ಉಳಿಯುವುದು ಬೂದಿ. ಅದೇ ಸುಮಾರಿಗೆ ಉತ್ತರ ಆಫ್ರಿಕದ ಕೆಲವು ಸನ್ಯಾಸಿಗಳು ಇನ್ನೊಂದು ಕೊನೆಗೆ ಹೋಗಿದ್ದರು: ಆಕಾಶದ ಹಕ್ಕಿಗಳು ಬಿತ್ತುವುದಿಲ್ಲ, ನಾವೂ ದುಡಿಯುವುದಿಲ್ಲ ಎಂದರು. ಅವರಿಗೆ ಉತ್ತರವಾಗಿ ಆಗಸ್ಟೀನ್ ಒಂದು ಪುಸ್ತಕವನ್ನೇ ಬರೆದ. ಹಕ್ಕಿಗಳು ಕಣಜ ಕಟ್ಟಿ ಕೂಡಿಡುವುದಿಲ್ಲವಲ್ಲ, ನೀವೇಕೆ ಕೂಡಿಡುತ್ತೀರಿ ಎಂದು ಅವನು ಕೇಳಿದ್ದು ಚೆನ್ನಾಗಿದೆ.

ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ಮಾಡಿದ ನಿಯಮ ಈ ಎರಡರ ನಡುವೆ ದಾರಿ ಹುಡುಕಿತು. ಪ್ರಾರ್ಥನೆಗೆ ಇಷ್ಟು ಹೊತ್ತು, ಓದಿಗೆ ಇಷ್ಟು, ಕೈಕೆಲಸಕ್ಕೆ ಇಷ್ಟು, ಬೇಸಿಗೆಯಲ್ಲಿ ಮಧ್ಯಾಹ್ನದ ನಿದ್ದೆಗೂ ಜಾಗ. ಬಂದ ಅತಿಥಿಯನ್ನು ಕ್ರಿಸ್ತನೇ ಬಂದಂತೆ ಉಪಚರಿಸಬೇಕು. ಅಡುಗೆಮನೆಯ ಪಾಳಿ ಎಲ್ಲರಿಗೂ ಸಮ. ಈ ಪಾಳಿಯೇ ನನ್ನ ಕಣ್ಣಿಗೆ ಆ ನಿಯಮದ ತಿರುಳು. ಅದು ತಪ್ಪಿದಾಗ ಏನಾಯಿತೆಂಬುದಕ್ಕೆ ಸಿಸ್ಟರ್ಸಿಯನ್ನರೇ ಸಾಕ್ಷಿ. ಬೆನೆಡಿಕ್ಟನ ಸರಳತೆಗೆ ಹಿಂದಿರುಗುತ್ತೇವೆಂದು 1098ರಲ್ಲಿ ಫ್ರಾನ್ಸಿನ ಸೀತೋದಲ್ಲಿ ಮಠ ಕಟ್ಟಿದವರು ಇವರು. ಕೆಲವೇ ದಶಕಗಳಲ್ಲಿ ಅವರ ವಿಶಾಲ ಹೊಲಗಳಲ್ಲಿ ಉಳುವವರು ಬೇರೆ, ಮಠದಲ್ಲಿ ಹಾಡಿ ಪ್ರಾರ್ಥಿಸುವವರು ಬೇರೆ ಆದರು. ಉಳುವವರು ಬಹುಮಟ್ಟಿಗೆ ಓದುಬರಹ ಬಾರದ ರೈತಮೂಲದ ಸಹೋದರರು. ಅವರಿಗೆ ಕೂರುವ ಜಾಗ ಬೇರೆ, ಮಠದ ವ್ಯವಹಾರದಲ್ಲಿ ಮತವಿಲ್ಲ. ಒಬ್ಬರ ಧ್ಯಾನದ ಬಿಡುವಿಗೆ ಇನ್ನೊಬ್ಬರ ಬೆನ್ನು ಆಧಾರವಾಯಿತು.

ಲೂಕನ ಸುವಾರ್ತೆಯಲ್ಲಿ ಈ ಜಗಳ ಒಂದು ಮನೆಯೊಳಗೇ ನಡೆಯುತ್ತದೆ. ಯೇಸು ಮನೆಗೆ ಬಂದಿದ್ದಾನೆ. ಮರಿಯ ಅವನ ಕಾಲ ಬಳಿ ಕುಳಿತು ಮಾತು ಕೇಳುತ್ತಿದ್ದಾಳೆ. ಅಕ್ಕ ಮಾರ್ಥಾಳಿಗೆ ಮೈತುಂಬ ಕೆಲಸ. ತಂಗಿಗೆ ಸ್ವಲ್ಪ ಹೇಳಬಾರದೇ ಎಂದು ಅವಳು ಕೇಳಿದರೆ, ಯೇಸು ಮರಿಯಳ ಪರವಾಗಿ ನಿಲ್ಲುತ್ತಾನೆ. ಮಾರ್ಥಾ ಈ ಲೋಕದ ಬಾಳು, ಮರಿಯ ಬರಲಿರುವ ಲೋಕದ ಬಾಳು ಎಂದು ಆಗಸ್ಟೀನ್ ಹಂಚಿಟ್ಟ. ಹದಿನಾಲ್ಕನೆಯ ಶತಮಾನದ ಜರ್ಮನ್ ಅನುಭಾವಿ ಎಕ್‌ಹಾರ್ಟ್ ತನ್ನೊಂದು ಪ್ರವಚನದಲ್ಲಿ ಇದನ್ನು ತಲೆಕೆಳಗು ಮಾಡಿದ: ಮಾಗಿದವಳು ಮಾರ್ಥಾ, ಕುಳಿತ ಮರಿಯ ಇನ್ನೂ ಕಲಿಯುತ್ತಿರುವವಳು. ಆವಿಲಾದ ತೆರೇಸಾ ಇಬ್ಬರೂ ಸೇರಬೇಕೆಂದಳು. ಅತಿಥಿಗೆ ಉಣ್ಣಲು ಕೊಡದೆ ಸತ್ಕಾರವೆಲ್ಲಿಯದು ಎಂಬುದು ಅವಳ ತರ್ಕ. ಎಲ್ಲ ವ್ಯಾಖ್ಯಾನಗಳಿಗಿಂತ ಹರಿತವಾದದ್ದು ಬಹುಶಃ ವೆಲಾಸ್ಕೆಸ್ 1618ರಲ್ಲಿ ಬರೆದ ಚಿತ್ರ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮುಂದೆ ದೊಡ್ಡದಾಗಿ ಕಾಣುವುದು ಅಡುಗೆಮನೆ: ಮೀನು, ಮೊಟ್ಟೆ, ಬೆಳ್ಳುಳ್ಳಿ, ಒಣಮೆಣಸು, ಮುಖ ಸಣ್ಣದು ಮಾಡಿಕೊಂಡು ಒರಳಲ್ಲಿ ಕುಟ್ಟುತ್ತಿರುವ ಕೆಲಸದ ಹುಡುಗಿ. ಯೇಸು, ಮಾರ್ಥಾ, ಮರಿಯ ಮೂಲೆಯ ಒಂದು ಚೌಕದಲ್ಲಿ ಚಿಕ್ಕದಾಗಿದ್ದಾರೆ. ಸುವಾರ್ತೆಯಲ್ಲಿ ಇಲ್ಲದ ಮೂರನೆಯ ಹೆಂಗಸನ್ನು ಚಿತ್ರಕಾರ ಕಂಡುಬಿಟ್ಟಿದ್ದ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲೂ ಭಾನುವಾರದ ಅಡುಗೆ ವಾರದ ಅಡುಗೆಗಿಂತ ಭಾರಿ. ಬೆಳಗಿನ ಪೂಜೆಯಿಂದ ಬಂದವರಿಗೆ ಸಾನ್ನಾಂ ಬೇಕೆಂದರೆ ಶನಿವಾರವೇ ಹಿಟ್ಟು ಅರೆದು ಹುಳಿ ಬರಿಸಬೇಕು. ಅರೆಯುವ ಕೈ ಯಾರದೆಂದು ಹೇಳಬೇಕಾಗಿಲ್ಲ.

ಸೇವೆಯ ಕಡೆಗೆ ಬಂದರೆ ಕ್ರೈಸ್ತ ಧರ್ಮದ ದಾಖಲೆ ಬೆರಗು ಹುಟ್ಟಿಸುತ್ತದೆ. ಕಡೆಯ ಊಟದ ರಾತ್ರಿ ಗುರುವೇ ಮಂಡಿಯೂರಿ ಶಿಷ್ಯರ ಕಾಲು ತೊಳೆದ. ಹಸಿದವರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಮಾಡಿದ್ದು ತನಗೇ ಮಾಡಿದ್ದು ಎಂದು ಹೇಳಿದ. ಕ್ರಿ.ಶ. 112ರ ಸುಮಾರಿಗೆ ರೋಮನ್ ರಾಜ್ಯಪಾಲ ಪ್ಲೀನಿ ಕ್ರೈಸ್ತರನ್ನು ವಿಚಾರಣೆ ಮಾಡುವಾಗ ಚಿತ್ರಹಿಂಸೆ ಕೊಟ್ಟದ್ದು ಇಬ್ಬರು ಗುಲಾಮ ಹೆಂಗಸರಿಗೆ. ಸಭೆಯಲ್ಲಿ ಸೇವೆಯ ಪದವಿ ಅವರಿಗಿತ್ತು. ನಾಲ್ಕನೆಯ ಶತಮಾನದಲ್ಲಿ ಸೆಜರಿಯದ ಬೆಸಿಲ್ ರೋಗಿಗಳಿಗೆ, ಬಡವರಿಗೆ, ಪ್ರಯಾಣಿಕರಿಗೆ ಊರ ಹೊರಗೆ ಇನ್ನೊಂದು ಊರನ್ನೇ ಕಟ್ಟಿಸಿದ. 1836ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಪಾದ್ರಿ ಫ್ಲೀಡ್ನರ್ ದಾದಿಯರ ತರಬೇತಿ ಆರಂಭಿಸಿದ. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಕಲಿತದ್ದು ಅಲ್ಲಿ. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಹಂಚಲು ತೊಡಗಿದ್ದೇ ಇವತ್ತಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೀಜ.

ಇಷ್ಟು ಹೇಳಿದ ಮೇಲೆ ಒಂದು ಅಸಮಾಧಾನವನ್ನೂ ಹೇಳಬೇಕು. ಕೆಲಸಕ್ಕೆ ಗಂಟೆಗಳುಂಟು, ಸೇವೆಗೆ ಇಲ್ಲ. ಸೇವೆ ಅಂದಮೇಲೆ ಸಂಬಳ, ರಜೆ, ಪಾಳಿಯ ಮಾತೆತ್ತುವುದೇ ಭಕ್ತಿಯ ಕೊರತೆಯಾಗಿ ಕಾಣುತ್ತದೆ. ಕೈಸರ್ಸ್‌ವೆರ್ತ್‌ನ ಸೋದರಿಯರಿಗೆ ಸಿಗುತ್ತಿದ್ದದ್ದು ಊಟ, ಬಟ್ಟೆ, ಕೈಖರ್ಚು, ಮುಪ್ಪಿನಲ್ಲಿ ಆಸರೆ, ಸಂಬಳವಲ್ಲ. ಕಾನ್ವೆಂಟುಗಳ ಸಿಸ್ಟರುಗಳು, ಮಿಶನ್ ಆಸ್ಪತ್ರೆಗಳ ದಾದಿಯರು ಆ ಪರಂಪರೆಯಲ್ಲೇ ಬಂದವರು. ಅವರ ದಣಿವನ್ನು ನಾವು ತ್ಯಾಗವೆಂದು ಕರೆದು ಸುಮ್ಮನಾಗುತ್ತೇವೆ. ಸುವಾರ್ತೆಗಳಲ್ಲಿ ಇದಕ್ಕೆ ಸಮರ್ಥನೆ ಸಿಗುವುದು ಕಷ್ಟ. ಜನರ ನೂಕುನುಗ್ಗಲಿನಲ್ಲಿ ಶಿಷ್ಯರಿಗೆ ಊಟಕ್ಕೂ ಪುರುಸೊತ್ತಿಲ್ಲದಾಗ ಯೇಸು ಅವರನ್ನು ನಿರ್ಜನ ಜಾಗಕ್ಕೆ ಕರೆದೊಯ್ದನೆಂದು ಮಾರ್ಕ ಬರೆಯುತ್ತಾನೆ. ಬಿರುಗಾಳಿಯ ದೋಣಿಯಲ್ಲಿ ದಿಂಬಿಗೆ ತಲೆಕೊಟ್ಟು ನಿದ್ದೆ ಮಾಡುತ್ತಿದ್ದವನೂ ಅವನೇ. (ಕನ್ನಡದ ಓದುಗರಿಗೆ ಇಲ್ಲಿ ಶರಣರ ಕಾಯಕ, ದಾಸೋಹಗಳು ನೆನಪಾಗದೆ ಇರವು, ಆ ಹೋಲಿಕೆ ಬೇರೆಯೇ ಲೇಖನ ಬೇಡುತ್ತದೆ.)

ಹದಿನಾರನೆಯ ಶತಮಾನದಲ್ಲಿ ಲೂಥರ್ ಮಠದ ಗೋಡೆಯನ್ನೇ ಕೆಡವಿದ. ಸನ್ಯಾಸಿಯ ಜಪಕ್ಕಿಂತ ಚಮ್ಮಾರನ ಹೊಲಿಗೆ, ತಾಯಿಯ ಬಾಣಂತನ ಕಡಿಮೆಯಲ್ಲ. ದೇವರಿಗೆ ನಿನ್ನ ಕೆಲಸದ ಅಗತ್ಯವಿಲ್ಲ, ನೆರೆಯವನಿಗಿದೆ ಎಂಬುದು ಅವನ ಬೋಧನೆಯ ಸಾರ. ದುಡಿಮೆಯೂ ಸೇವೆಯೂ ಒಂದೇ ಆದವು. ಇದು ದೊಡ್ಡ ಮಾತು, ಆದರೆ ಬೆಲೆಯೂ ತೆತ್ತಿತು. ಸಂತರ ಹಬ್ಬಗಳೆಲ್ಲ ಭಾನುವಾರಕ್ಕೆ ಹೋಗಲಿ ಎಂದು ಅವನು 1520ರಲ್ಲೇ ಸೂಚಿಸಿದ್ದ. ಕುಡಿತ, ಜೂಜು ನಿಲ್ಲಲೆಂಬುದು ಉದ್ದೇಶ. ಆದರೆ ಪ್ರಾಟೆಸ್ಟಂಟ್ ನಾಡುಗಳಲ್ಲಿ ಹಬ್ಬಗಳು ಇಳಿದಂತೆ ಬಡವರ ರಜೆಯೂ ಇಳಿಯಿತು. ಕ್ಯಾಲ್ವಿನ್ ಪಂಥ, ಪ್ಯೂರಿಟನ್ನರು, ಪಿಯೆಟಿಸ್ಟರ ಮೂಲಕ ಈ ಶಿಸ್ತು ಬಂಡವಾಳದ ಶಿಸ್ತಿಗೆ ಹೇಗೆ ಜೊತೆಯಾಯಿತೆಂದು ಮ್ಯಾಕ್ಸ್ ವೇಬರ್ 1904–05ರಲ್ಲಿ ಬರೆದದ್ದು ಪ್ರಸಿದ್ಧ. ಆ ವಾದದ ಮೇಲಿನ ತಕರಾರುಗಳೂ ಅಷ್ಟೇ ಪ್ರಸಿದ್ಧ. ಪಿಯೆಟಿಸ್ಟ್ ಮನೆತನದ ಹುಡುಗಿಯರು ಗಿರಣಿ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತಾರೆ ಎಂದು ಮಾಲೀಕರು ಮೆಚ್ಚಿಕೊಳ್ಳುವುದನ್ನು ವೇಬರ್ ಗಮನಿಸಿದ್ದ.

ಆ ಪಿಯೆಟಿಸಂ ನಮ್ಮ ಕರಾವಳಿಗೆ ಬಂದದ್ದು 1834ರಲ್ಲಿ, ಬಾಸೆಲ್ ಮಿಶನ್ನಿನ ಜೊತೆ. ಕನ್ನಡಿಗರಿಗೆ ಮಿಶನ್ ಎಂದರೆ ಮೋಗ್ಲಿಂಗನ ‘ಮಂಗಳೂರ ಸಮಾಚಾರ’, ಕಿಟ್ಟೆಲನ ನಿಘಂಟು. ಅದರ ಕಾರ್ಖಾನೆಗಳ ಕಥೆ ನನಗೆ ಅಷ್ಟೇ ಮುಖ್ಯ. ಮತಾಂತರವಾದವರನ್ನು ಮನೆ, ಜಾತಿ, ಆಸ್ತಿಗಳಿಂದ ಹೊರಗಿಡುತ್ತಿದ್ದರು. ಅವರಲ್ಲಿ ಬಹಳ ಮಂದಿ ಬಿಲ್ಲವರು. ಶೇಂದಿ ಇಳಿಸುವ ಕಸುಬು ಮಿಶನ್ನಿಗೆ ಸಮ್ಮತವಲ್ಲ. ಹೊಸ ನಂಬಿಕೆ ಹೊಟ್ಟೆಪಾಡನ್ನೇ ಕಸಿದುಕೊಂಡಾಗ ಮಿಶನ್ ಮಗ್ಗ ಹಾಕಿತು, ಅಚ್ಚುಕೂಟ ಇಟ್ಟಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಮಂಗಳೂರು ಹಂಚು ಹುಟ್ಟಿದ್ದು ಹಾಗೆ. ಮಿಶನರಿಯಾದವನು ವ್ಯಾಪಾರ ಮಾಡಬಹುದೇ ಎಂಬ ಚರ್ಚೆ ಮಿಶನ್ನಿನ ಒಳಗೇ ನಡೆದಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಗಳು ಅದರ ಕೈತಪ್ಪಿ, ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ದುಡಿಮೆಯ ಶಿಸ್ತು ಹೇರಿದ ಮಿಶನ್ ಕಾರ್ಖಾನೆ ಜಾತಿ ಕಸುಬಿನ ಸಂಕೋಲೆಯನ್ನು ಕಳಚಿತು, ಗಂಟೆ ಮತ್ತು ಹಾಜರಿಯ ಇನ್ನೊಂದು ಕಟ್ಟನ್ನು ತೊಡಿಸಿತು. ಎರಡೂ ನಿಜ, ಒಂದನ್ನೇ ಹೇಳುವ ಚರಿತ್ರೆಕಾರರ ಮೇಲೆ ನನಗೆ ನಂಬಿಕೆ ಕಡಿಮೆ. ವಾರಕ್ಕೊಂದು ಭಾನುವಾರದ ಬಿಡುವು ಮಾತ್ರ ಅಲ್ಲಿ ಕಟ್ಟುನಿಟ್ಟಾಗಿತ್ತು. ತುಳುನಾಡಿನ ಕೂಲಿಯಾಳಿಗೆ ನೇಮ, ಕೋಲ, ಜಾತ್ರೆಗಳ ಬಿಡುವು ಗೊತ್ತಿತ್ತು. ಏಳು ದಿನಕ್ಕೊಮ್ಮೆ ತಪ್ಪದೆ ಬರುವ ರಜೆ ಹೊಸದು.

ಭಾನುವಾರವೂ ಹುಟ್ಟಿನಿಂದ ರಜೆಯ ದಿನವೇನಲ್ಲ. ಮೊದಲ ಕ್ರೈಸ್ತರಿಗೆ ಅದು ಮಾಮೂಲಿ ಕೆಲಸದ ದಿನ. ಗೊತ್ತಾದ ದಿನ ಅವರು ಬೆಳಕು ಹರಿಯುವ ಮುನ್ನ ಸೇರುತ್ತಿದ್ದರೆಂದು ಪ್ಲೀನಿ ಬರೆದಿದ್ದಾನೆ. 321ರಲ್ಲಿ ಚಕ್ರವರ್ತಿ ಕಾನ್ಸ್ಟಂಟೈನ್ ನ್ಯಾಯಾಲಯಗಳಿಗೆ, ನಗರದ ಕಸುಬುಗಳಿಗೆ ಆ ದಿನ ರಜೆ ಕೊಟ್ಟ. ಬೇಸಾಯಕ್ಕೆ ವಿನಾಯಿತಿ, ಬಿತ್ತನೆಯ ಹದ ತಪ್ಪಬಾರದೆಂದು. ಸಾಮ್ರಾಜ್ಯದ ಬಹುಪಾಲು ಜನ ಬೇಸಾಯದಲ್ಲೇ ಇದ್ದದ್ದರಿಂದ ರಜೆ ಯಾರಿಗೆ ದಕ್ಕಿತೆಂದು ಊಹಿಸಬಹುದು. ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರು ಭಾನುವಾರದ ಆಟಪಾಟಗಳನ್ನೆಲ್ಲ ತಡೆಯಹೊರಟಾಗ ದೊರೆ ಒಂದನೆಯ ಜೇಮ್ಸ್ 1618ರಲ್ಲಿ ಪ್ರಕಟಣೆ ಹೊರಡಿಸಿ ಪ್ರಾರ್ಥನೆಯ ನಂತರ ಕುಣಿಯಬಹುದು, ಬಿಲ್ವಿದ್ಯೆ ಆಡಬಹುದು ಎಂದ. ವಾರದ ಉಳಿದ ದಿನ ದುಡಿಯುವ ಬಡವನಿಗೆ ಆಡಲು ಬೇರೆ ದಿನವೆಲ್ಲಿದೆ ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. ಸಬ್ಬತ್ ಇರುವುದು ಮನುಷ್ಯನಿಗಾಗಿ ಎಂದು ಯೇಸು ಹೇಳಿದ್ದನ್ನು ಯೆಹೂದ್ಯರ ವಿರುದ್ಧದ ಮಾತೆಂದು ಕ್ರೈಸ್ತರು ಓದುವುದುಂಟು. ಯೆಹೂದ್ಯ ರಬ್ಬಿಗಳಲ್ಲೂ ಅದೇ ಅರ್ಥದ ಮಾತಿದೆ. ಒಣ ನಿಯಮದ ಸಬ್ಬತ್ತಿಗೆ ಪ್ಯೂರಿಟನ್ನರು ಯಾರ ನೆರವನ್ನೂ ಬೇಡಲಿಲ್ಲ.

ಎರಿಕ್ ಲಿಡೆಲ್ ಎಂಬ ಸ್ಕಾಟಿಷ್ ಓಟಗಾರ ಭಾನುವಾರ ಓಡಲಾರೆನೆಂದು 1924ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಬಿಟ್ಟುಕೊಟ್ಟು 400 ಮೀಟರಿನಲ್ಲಿ ಚಿನ್ನ ಗೆದ್ದದ್ದು ಸಿನಿಮಾ ಆಗಿ ಎಲ್ಲರಿಗೂ ಗೊತ್ತು. ಅದರ ಮುಂದಿನದು ಅಷ್ಟು ತಿಳಿಯದು. ಚೀನಾದಲ್ಲಿ ಮಿಶನರಿಯಾಗಿದ್ದ ಅವನನ್ನು ಜಪಾನೀಯರು ವೇಯ್‌ಶಿಯೆನ್ ಶಿಬಿರದಲ್ಲಿ ಇಟ್ಟರು. ಭಾನುವಾರ ಆಟ ಬೇಡವೆಂಬ ಕಟ್ಟಿಗೆ ಬೇಸತ್ತ ಮಕ್ಕಳು ತಾವೇ ಹಾಕಿ ಆಡಹೊರಟು ಜಗಳವಾದಾಗ, ಮುಂದಿನ ಭಾನುವಾರ ತೀರ್ಪುಗಾರನಾಗಿ ಮೈದಾನಕ್ಕಿಳಿದವನು ಲಿಡೆಲ್. 1945ರಲ್ಲಿ ಆ ಶಿಬಿರದಲ್ಲೇ ತೀರಿಕೊಂಡ. ಒಲಿಂಪಿಕ್ಸಿನ ನಿರಾಕರಣೆಗಿಂತ ಈ ಒಪ್ಪಿಗೆಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಯಂತ್ರಯುಗದ ಕಾರ್ಖಾನೆಗಳ ಎದುರು ರೋಮಿನ ಚರ್ಚು ಬಾಯಿಬಿಟ್ಟದ್ದು ತಡವಾಗಿ, 1891ರಲ್ಲಿ. ಹದಿಮೂರನೆಯ ಲಿಯೋ ಪೋಪ್ ‘ರೇರುಮ್ ನೊವಾರುಮ್’ ಎಂಬ ಪತ್ರದಲ್ಲಿ, ಕುಟುಂಬ ಸಾಕುವಷ್ಟು ಕೂಲಿ, ಸಂಘ ಕಟ್ಟುವ ಹಕ್ಕು, ವಾರದ ಬಿಡುವು ಇವು ಮಾಲೀಕನ ಔದಾರ್ಯದ ಮಾತಲ್ಲ, ನ್ಯಾಯದ್ದು ಎಂದರು. ಅದಕ್ಕೆ ಒಂದು ವರ್ಷ ಮೊದಲೇ ಮುಂಬಯಿ ಗಿರಣಿಗಳಲ್ಲಿ ಭಾನುವಾರದ ರಜೆ ಗೆದ್ದಾಗಿತ್ತು, ಗೆದ್ದವರು ಕ್ರೈಸ್ತರಲ್ಲ. ಜೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಕಾರ್ಮಿಕರನ್ನು ಕೂಡಿಸಿ ಬೇಡಿಕೆ ಇಟ್ಟರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದರು. ಲೋಖಂಡೆ ಮುಂದಿಟ್ಟ ಒಂದು ಕಾರಣ, ಭಾನುವಾರ ಖಂಡೋಬನ ವಾರ ಎಂಬುದು. ನಮ್ಮಲ್ಲಿ ಮೈಲಾರಲಿಂಗನೆಂದು ಪೂಜೆಗೊಳ್ಳುವ ದೇವರೇ ಅವನು. ಸಾಹೇಬರ ಕಚೇರಿಗಳು ಕ್ರಿಸ್ತನ ಹೆಸರಿನಲ್ಲಿ ಮುಚ್ಚುತ್ತಿದ್ದ ದಿನವನ್ನು ಗಿರಣಿಯಾಳು ಮೈಲಾರನ ಹೆಸರಿನಲ್ಲಿ ತನ್ನದಾಗಿಸಿಕೊಂಡ. ವಾರದ ಮೊದಲ ದಿನವಾದ ಭಾನುವಾರ ಕಾರ್ಖಾನೆಯಲ್ಲಿ ದುಡಿಸಬಾರದೆಂಬ 1948ರ ಕಾರ್ಖಾನೆ ಕಾಯಿದೆಯ ನಿಯಮದ ಹಿಂದೆ ಈ ಹೋರಾಟದ ಪಾಲೂ ಇತ್ತು. ಧರ್ಮೋಪದೇಶಕಾಂಡದ ಕಾರಣವನ್ನು ಇಲ್ಲಿ ನಿಜಮಾಡಿದವರು ಆ ಗ್ರಂಥವನ್ನು ಓದಿದವರೇ ಆಗಿರಬೇಕಾಗಿರಲಿಲ್ಲ.

ಜರ್ಮನ್ ಚಿಂತಕ ಯೋಸೆಫ್ ಪೀಪರ್ ಯುದ್ಧದಲ್ಲಿ ನುಚ್ಚುನೂರಾದ ದೇಶ ಮತ್ತೆ ಕಟ್ಟುವ ಆತುರದಲ್ಲಿದ್ದಾಗ, 1948ರಲ್ಲಿ, ಬಿಡುವನ್ನು ಕುರಿತ ಪುಸ್ತಕ ಪ್ರಕಟಿಸಿದ. ನಾಳೆ ಚೆನ್ನಾಗಿ ದುಡಿಯಲೆಂದು ಇವತ್ತು ಮಲಗುವುದು ಬಿಡುವಲ್ಲ, ಅದೂ ಕೆಲಸದ ಒಂದು ಭಾಗವೇ ಎಂದ. ಸುಂದರ ಪುಸ್ತಕ, ಪಾತ್ರೆ ತೊಳೆಯುವವರು ಮಾತ್ರ ಅದರಲ್ಲಿ ಎಲ್ಲೂ ಕಾಣಿಸುವುದಿಲ್ಲ. 1981ರಲ್ಲಿ ಎರಡನೆಯ ಜಾನ್ ಪಾಲ್ ಪೋಪ್, ಕೆಲಸ ಇರುವುದು ಮನುಷ್ಯನಿಗಾಗಿ ಎಂದು ಬರೆದಾಗ ಸಬ್ಬತ್ತಿನ ಮಾತನ್ನೇ ಕಾರ್ಖಾನೆಗೆ ಹಿಗ್ಗಿಸಿದ್ದರು. ನಮ್ಮಲ್ಲಿ 2025ರ ಜನವರಿಯಲ್ಲಿ ದೊಡ್ಡ ಕಂಪನಿಯೊಂದರ ಮುಖ್ಯಸ್ಥರು, ನಿಮ್ಮನ್ನು ಭಾನುವಾರವೂ ದುಡಿಸಲಾಗುತ್ತಿಲ್ಲವಲ್ಲ ಎಂದು ವಿಷಾದಿಸಿದ್ದು ಸುದ್ದಿಯಾಯಿತು. ಬೆಂಗಳೂರಿನ ಐಟಿ ಮಂದಿ ಜಾಲತಾಣಗಳಲ್ಲಿ ಅದನ್ನು ಗೇಲಿ ಮಾಡಿದರು. ಅದೇ ಭಾನುವಾರ ಅವರ ಬಾಗಿಲಿಗೆ ಬಿರಿಯಾನಿ ತಂದವರಿಗೆ ವಾರದ ರಜೆ ಎಂಬುದೇ ಇಲ್ಲ. ಆ್ಯಪ್ ಬಂದ್ ಮಾಡಿದರೆ ಆ ದಿನದ ಗಳಿಕೆಯೂ ಬಂದ್.

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಜೆರಾಲ್ಡ್ ಗ್ರಾಫ್ ಎಂಬ ಅಂಚೆ ನೌಕರ ಇವಾಂಜೆಲಿಕಲ್ ಕ್ರೈಸ್ತ. ಅಂಚೆ ಇಲಾಖೆ ಅಮೆಜಾನ್ ಪಾರ್ಸೆಲುಗಳನ್ನು ಭಾನುವಾರವೂ ಹಂಚತೊಡಗಿದಾಗ ಅವನು ಒಪ್ಪಲಿಲ್ಲ, ಶಿಸ್ತುಕ್ರಮಕ್ಕೆ ಗುರಿಯಾದ, ಕೊನೆಗೆ ರಾಜೀನಾಮೆ ಕೊಟ್ಟು ಮೊಕದ್ದಮೆ ಹೂಡಿದ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವನ ವಾದದ ಕಡೆ ವಾಲಿತು: ವ್ಯವಹಾರಕ್ಕೆ ಗಣನೀಯ ಹೊರೆಯಾಗುವುದೆಂದು ತೋರಿಸದೆ ಧರ್ಮಾಚರಣೆಯ ವಿನಾಯಿತಿಯನ್ನು ನಿರಾಕರಿಸುವಂತಿಲ್ಲ. ಅವನು ಬಿಟ್ಟ ಭಾನುವಾರಗಳನ್ನು ಜೊತೆಯ ನೌಕರರು ಹೊತ್ತಿದ್ದರು, ಅವರಲ್ಲಿ ಅಸಮಾಧಾನವಿತ್ತು ಎಂಬುದನ್ನು ಕೆಳ ನ್ಯಾಯಾಲಯ ಎತ್ತಿ ಹೇಳಿತ್ತು. ಅವರ ಮೇಲೆ ಬೀಳುವ ಭಾರ ವ್ಯವಹಾರ ನಡೆಯುವುದಕ್ಕೇ ತೊಡಕಾದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ಪ್ರಕಾರ ಅದು ಸರಿಯಾದ ತೀರ್ಪೇ ಇರಬಹುದು. ಆದರೆ ಗ್ರಾಫ್ ಆರಾಧನೆಯಲ್ಲಿ ಕುಳಿತಿದ್ದ ಹೊತ್ತಿಗೆ ಅವನ ಪಾಲಿನ ಪೊಟ್ಟಣಗಳನ್ನು ಗಾಡಿಗೆ ತುಂಬುತ್ತಿದ್ದವರಿಗೆ ಭಾನುವಾರ ಬೇಕಿತ್ತೇ ಎಂದು ಕೇಳುವುದು ಕೋರ್ಟಿನ ಕೆಲಸವಾಗಿರಲಿಲ್ಲ. ಅವನ ಚರ್ಚಿನ ಕೆಲಸವಾಗಿತ್ತು.